ಉಗುಳಿದಿ ಹೌದಿಲ್ಲೋ

ಟಿಕೋಟಾದ ಹತ್ತಿರದ ವೈನರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಅವ್ವ ಸಂಜೆ ಹೊಸ್ತಿಲಲ್ಲಿ ನಿಂತು ನನಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಜೈನಾಪುರದ ನಮ್ಮ ಓಣಿಯಲ್ಲಿ ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದಳು.

"ಉಗುಳಿದಿ ಹೌದಿಲ್ಲೋ?"

"ಉಗುಳೀನಬೇ."

ಇಷ್ಟಾದ ಮೇಲೆಯೇ ನನಗೆ ಒಳಗೆ ಹೋಗಲು ದಾರಿ. ಎಂಟು ವರ್ಷ ಹೀಗೇ ನಡೆಯಿತು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ, ಗಂಡನಿಗೆ ತಂಬಾಕಿನ ಚಟವಿದೆಯೆಂದು ಒಂದು ವಾರ ಮುಖ ಊದಿಸಿಕೊಂಡಿದ್ದಳು.

ನಾನು ಓದಿದ್ದು ರಸಾಯನಶಾಸ್ತ್ರ. ವೈನರಿಯ ಲ್ಯಾಬಿನಲ್ಲಿ ನನ್ನ ಕೆಲಸ ಹಣ್ಣಿನ ಸಕ್ಕರೆ ಅಳೆಯುವುದು, ರಸದ ಹುಳಿ ಅಳೆಯುವುದು, ಹುದುಗುತ್ತಿರುವ ಟ್ಯಾಂಕುಗಳಿಂದ ದಿನಾ ಮಾದರಿ ತೆಗೆದು ಬಾಯಿಗೆ ಹಾಕಿ ರುಚಿ ನೋಡುವುದು. ಮೊದಲ ಎರಡಕ್ಕೆ ಅವ್ವನ ತಕರಾರಿರಲಿಲ್ಲ. ಮೂರನೆಯದಕ್ಕೆ ಇತ್ತು. ನಮ್ಮದು ಬೌದ್ಧ ಮನೆ. ಪಂಚಶೀಲದ ಐದನೆಯ ಶೀಲ, ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬುದು, ಅವ್ವನಿಗೆ ಬರೀ ಬಾಯಿಪಾಠವಾಗಿರಲಿಲ್ಲ. ಅವಳ ಅಪ್ಪನ ಕಾಲದಲ್ಲಿ ಊರ ಕೆಲಸ ಮಾಡಿದವರಿಗೆ ಕೂಲಿ ಎಂದು ಹಳಸಿದ ರೊಟ್ಟಿಯನ್ನೂ ಒಂದು ಮಗಿ ಹೆಂಡವನ್ನೂ ಕೊಡುತ್ತಿದ್ದರಂತೆ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಆತ ಆ ಮಗಿಯನ್ನು ಊರವರ ಮುಂದೆಯೇ ಬಂಡೆಗೆ ಅಪ್ಪಳಿಸಿ ಒಡೆದಿದ್ದನಂತೆ. "ಅವತ್ತಿನಿಂದ ನಾವು ತಲಿ ಎತ್ತಿ ನಡದೀವಿ" ಎಂದು ಅವ್ವ ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ಅಂಥವಳ ಮುಂದೆ ಕೆಲಸದ ಆದೇಶ ಹಿಡಿದು ನಿಂತು ನಾನು ಹೇಳಿದ್ದೆ, "ಬಾಯಾಗ ಹಾಕ್ಕೋತೇನಬೇ, ನುಂಗಂಗಿಲ್ಲ."

"ನುಂಗದಿದ್ರ ಬಾಯಾಗ ಯಾಕ ಹಾಕ್ಕೋತಿ?"

"ಅದು ಕೆಲಸ. ಅಡಗಿ ಮಾಡೋರು ಉಪ್ಪ ನೋಡಂಗಿಲ್ಲೇನು?"

"ಉಪ್ಪ ನೋಡಿದೋರು ಉಗುಳಂಗಿಲ್ಲ."

ಅವ್ವ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಹೋಗು. ಆದ್ರ ದಿನಾ ಕೇಳಾಕಿ ನಾ. ಸುಳ್ಳ ಹೇಳಿದ್ರ ಮಾರಿ ನೋಡೇ ತಿಳಕೊಂತೇನಿ." ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಖುಷಿಪಟ್ಟೆ.

ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನಾನೇ ಒಂದು ಪದ್ಧತಿ ಮಾಡಿಕೊಂಡೆ. ಗುಟುಕು ಬಾಯಿಗೆ ಹಾಕು, ನಾಲಿಗೆಯ ಮೇಲೆ ಒಮ್ಮೆ ಹೊರಳಿಸು, ಉಗುಳು, ತಕ್ಷಣ ಎರಡು ಸಲ ನೀರು ಮುಕ್ಕಳಿಸು. ತಡಮಾಡಿದರೆ ಎಲ್ಲಿ ಒಂದು ಹನಿ ಗಂಟಲಿಗೆ ಇಳಿದೀತೋ ಎಂಬ ಭಯ. ಜೊತೆಯವರು ನನಗೆ, ಬೌದ್ಧ ಭಿಕ್ಷುಗಳನ್ನು ಕರೆಯುವ ಹಾಗೆ, "ಭಂತೇಜಿ" ಎಂದು ಹೆಸರಿಟ್ಟರು. ನಾನೂ ನಕ್ಕೆ.

ಅವ್ವನ ಮೂಗಿನ ಬಗ್ಗೆ ಇಲ್ಲಿಯೇ ಹೇಳಬೇಕು. ವೈನಿನ ಬಾಟಲಿಯನ್ನು ಕಣ್ಣೆತ್ತಿಯೂ ನೋಡದವಳು ನನ್ನ ಅಂಗಿ ಒಗೆಯಲು ತೆಗೆದುಕೊಳ್ಳುವಾಗ ಮೂಸಿ ನೋಡಿ, "ಇವತ್ತ ಕರಿ ಹಣ್ಣ ಹಾಕೀರಿ" ಎನ್ನುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು. ಒಂದು ಸುಗ್ಗಿಯಲ್ಲಿ ಅಂಗಿ ಹಿಡಿದು ಮುಖ ಸಿಂಡರಿಸಿದಳು. "ಏನೋ ಕೆಟ್ಟೈತಿ ನಿಮ್ಮಲ್ಲೆ. ಬೂಸ್ಟ ಹಿಡದ ಉಪ್ಪಿನಕಾಯಿ ಬರಣಿ ತಗದಂಗ ಆತು." ಮರುದಿನ ಬೆಳಿಗ್ಗೆ, ಹಿಂದಿನ ದಿನ ನಾನು ಮುಟ್ಟಿದ್ದ ನಾಲ್ಕು ಟ್ಯಾಂಕುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ನಾಲ್ಕನೆಯದರಲ್ಲಿ ವಿನೆಗರ್ ಹುಳಿ ಆಗಷ್ಟೇ ಏರತೊಡಗಿತ್ತು. ಗಾಳಿ ಸೇರುತ್ತಿದ್ದ ಮುಚ್ಚಳವನ್ನು ಬದಲಾಯಿಸಿ, ಗಂಧಕದ ಪ್ರಮಾಣ ಸರಿಮಾಡಿ ಆ ಟ್ಯಾಂಕನ್ನು ಉಳಿಸಿಕೊಂಡೆವು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಜೈನಾಪುರದ ಬಚ್ಚಲಲ್ಲಿ ಅಂಗಿ ಒಗೆಯುವ ಮುದುಕಿಯೊಬ್ಬಳು ಕಂಡುಹಿಡಿದದ್ದು ಎಂದು ನಾನು ಯಾರಿಗೂ ಹೇಳಲಿಲ್ಲ.

ವೈನರಿ ನೋಡಲು ಜನ ಬರತೊಡಗಿದ ಮೇಲೆ ನನ್ನ ಕೆಲಸ ಬದಲಾಯಿತು. ಮಾಲೀಕರು ಒಂದು ದಿನ ಕರೆದು ಹೇಳಿದರು, "ಬಂದ ಮಂದಿ ಸೋಡಾ ಕೇಳತಾರ, ಐಸ್ ಕೇಳತಾರ. ಒಂದ ಗುಟುಕಿಗೆ ಖಾಲಿ ಮಾಡಿ 'ಏರಲೇ ಇಲ್ಲರಿ' ಅಂತಾರ. ಇದನ್ನ ಹ್ಯಾಂಗ ಕುಡೀಬೇಕು, ಏನ ರುಚಿ ನೋಡಬೇಕು, ಅವರ ಭಾಷಾದಾಗ ಹೇಳಾವ ಒಬ್ಬ ಬೇಕು. ನೀನ ಆಗು." ಆದರೆ ಒಂದು ಷರತ್ತಿತ್ತು. ಹೊರಗಿನ ಒಂದು ಸಂಸ್ಥೆ ನಡೆಸುವ ವೈನ್ ಶಿಕ್ಷಕರ ಪರೀಕ್ಷೆಯನ್ನು ಆ ವರ್ಷವೇ ಪಾಸು ಮಾಡಬೇಕು. ಆಗದಿದ್ದರೆ ಹೊರಗಿನಿಂದ ಒಬ್ಬರನ್ನು ತರುವುದು. ಪಾಠ ಹೇಳುವುದು ನನಗೆ ಮೊದಲಿಂದಲೂ ಆಸೆ. ಒಪ್ಪಿಕೊಂಡೆ.

ಮೊದಲ ಪಾಠ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವಿಜಯಪುರದಿಂದ ಹತ್ತು ಹನ್ನೆರಡು ಜನ ಬಂದಿದ್ದರು. ಅವರಲ್ಲಿ ಒಬ್ಬರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದೆ. ಈ ಬಿಳಿ ವೈನಿನಲ್ಲಿ ಗೂಸ್‌ಬೆರಿಯ ವಾಸನೆ, ಆ ಕೆಂಪಿನಲ್ಲಿ ಬ್ಲ್ಯಾಕ್‌ಕರೆಂಟ್. ಗಾರ್ಡ್ ಸಾಹೇಬರು ಕೈ ಎತ್ತಿದರು.

"ಸರ, ಈ ಗೂಸ್‌ಬೆರಿ ಅಂದ್ರ ಹ್ಯಾಂಗಿರತೈತ್ರಿ?"

ನಾನು ನಿಜ ಹೇಳಿದೆ. "ನಾನೂ ತಿಂದಿಲ್ಲರಿ."

ಇಡೀ ಕೋಣೆ ನಕ್ಕಿತು. ಅವರದು ತಪ್ಪಲ್ಲ. ತಿನ್ನದ ಹಣ್ಣಿನ ಹೆಸರು ಹೇಳಿ ಕುಡಿಯದ ವೈನನ್ನು ವರ್ಣಿಸುವವನನ್ನು ಕಂಡು ಇನ್ನೇನು ಮಾಡಬೇಕು?

ಅಂದು ಸಂಜೆ ಹೊಸ್ತಿಲ ಪ್ರಶ್ನೆ ಮುಗಿದ ಮೇಲೆ ಊಟಕ್ಕೆ ಕುಳಿತು ಅವ್ವನನ್ನು ಕೇಳಿದೆ, "ಹಲ್ಲ ಜುಮ್ಮ ಅಂತಾವ, ಬಾಯಾಗ ನೀರ ಬರತೈತಿ. ಹುಣಸಿ ಅಲ್ಲ, ನಿಂಬಿ ಅಲ್ಲ. ಸ್ವಲ್ಪ ಹಸರ ವಾಸನಿ. ಏನದು?"

"ಕಡ್ಲಿ ಹುಳಿ" ಎಂದಳು, ತನ್ನ ಹೆಸರು ಹೇಳುವಷ್ಟು ಸಲೀಸಾಗಿ.

ನಮ್ಮ ಎರೆಭೂಮಿಯಲ್ಲಿ ಚಳಿಗಾಲದ ಕಡಲೆ ಗಿಡದ ಎಲೆಯ ಮೇಲೆ ಹುಳಿ ಕೂರುತ್ತದೆ. ಇಬ್ಬನಿ ಆರುವ ಮೊದಲು ತೆಳುವಾದ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಎಳೆದುಕೊಂಡು ಹೋಗಿ, ನೆನೆದ ಬಟ್ಟೆಯನ್ನು ಹಿಂಡಿ ಬಾಟಲಿಯಲ್ಲಿ ಹಿಡಿದಿಟ್ಟರೆ ಅದು ವರ್ಷವೆಲ್ಲ ಹೊಟ್ಟೆನೋವಿಗೆ ಔಷಧ. ಅವ್ವ ಪ್ರತಿ ಚಳಿಗಾಲ ಒಂದು ಬಾಟಲಿ ಹಿಡಿದು ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಹಿಂಡಿದ ಬಟ್ಟೆಯನ್ನು ನಾನು ಚಿಕ್ಕವನಿದ್ದಾಗ ಚೀಪುತ್ತಿದ್ದೆ. ಆ ಹುಳಿಯಲ್ಲಿ ಇರುವುದು ಬಹುಮಟ್ಟಿಗೆ ಮ್ಯಾಲಿಕ್ ಆಮ್ಲ, ಎಳೆ ದ್ರಾಕ್ಷಿಯಲ್ಲಿ ಇರುವುದೂ ಅದೇ. ವರ್ಷಗಟ್ಟಲೆ ಲ್ಯಾಬಿನಲ್ಲಿ ಅಳೆಯುತ್ತಿದ್ದ ವಸ್ತುವಿಗೆ ನಮ್ಮ ಮನೆಯ ಮಾಡದಲ್ಲೇ ಹೆಸರಿತ್ತು. ನನಗೆ ಹೊಳೆದಿರಲಿಲ್ಲ.

ಅಂದಿನಿಂದ ದಿನವೂ ಕೇಳತೊಡಗಿದೆ. ನಾನು ವಾಸನೆಯನ್ನು ವರ್ಣಿಸುವುದು, ಅವ್ವ ಹೆಸರು ಹೇಳುವುದು. ಹಸಿ ಜೋಳದ ದಂಟು. ಗಾಣದ ಕೊಪ್ಪರಿಗೆಯ ನೊರೆ. ಹುರಿದ ಗುರೆಳ್ಳು. ಮೊದಲ ಮಳೆಗೆ ಬಾಯಿಬಿಟ್ಟ ಎರೆ ಮಣ್ಣು. ಮಳೆಯಲ್ಲಿ ನೆನೆದ ಕಂಬಳಿ. ಒಣದ್ರಾಕ್ಷಿ ಶೆಡ್ಡಿನ ಕದ ತೆಗೆದಾಗ ಬರುವ ಬಿಸಿ ಸಿಹಿ ಗಾಳಿ. ಒಂದು ನೋಟುಪುಸ್ತಕ ತುಂಬಿತು. ಯಾವುದಕ್ಕೆ ಕೇಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. "ಅದರ ಸಲುವಾಗಿ ಹೇಳಾಕತ್ತಿಲ್ಲ. ನೀ ಕೇಳಿದಿ ಅಂತ ಹೇಳತೇನಿ" ಎಂದು ಒಮ್ಮೆ ಸ್ಪಷ್ಟಪಡಿಸಿದಳು.

ಪಾಠದಲ್ಲಿ ತೋರಿಸಲು ಕಡ್ಲಿ ಹುಳಿಯ ಬಾಟಲಿ ಕೇಳಿದಾಗ ಮಾತ್ರ ಕಡ್ಡಿ ಮುರಿದಂತೆ ಇಲ್ಲ ಎಂದಳು. "ಔಷಧಾನ ಅದರ ಬಾಜೂಕ ಇಡಬ್ಯಾಡ."

ಮೊದಲ ಪರೀಕ್ಷೆ ನಡೆದದ್ದು ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ. ಎದುರಿಗೆ ಆರು ಗ್ಲಾಸು, ಯಾವುದಕ್ಕೂ ಹೆಸರಿಲ್ಲ. ಪ್ರತಿಯೊಂದರ ಬಣ್ಣ, ವಾಸನೆ, ಸಿಹಿ, ಹುಳಿ, ಒಗರು, ಕೊನೆಗೆ ಉಳಿಕೆ ಬರೆಯಬೇಕು. ಉಳಿಕೆ ಎಂದರೆ ಬಾಯಿಂದ ವೈನ್ ಹೋದ ಮೇಲೂ ಅದರ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಒಳ್ಳೆಯ ವೈನಿಗೂ ಸಾಧಾರಣದ್ದಕ್ಕೂ ವ್ಯತ್ಯಾಸ ಗೊತ್ತಾಗುವುದು ಬಹಳಷ್ಟು ಅಲ್ಲಿಯೇ. ನಾನು ಆರಕ್ಕೂ 'ಮಧ್ಯಮ' ಎಂದು ಬರೆದೆ.

ನಪಾಸಾದೆ. ಪರೀಕ್ಷಕಿ ನರೆಗೂದಲಿನ ಹೆಂಗಸು, ಬೆಂಗಳೂರಿನ ಕಡೆಯವರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು. "ನಿಮ್ಮ ಮೂಗು ಬಹಳ ಚೆನ್ನಾಗಿದೆ. ಈ ಕಡಲೆ ಗಿಡದ ಹುಳಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೇ ರುಚಿ ನೋಡಬೇಕು ಅನ್ನಿಸಿತು. ಆದರೆ ಉಳಿಕೆಯನ್ನು ನೀವು ಊಹೆ ಮಾಡಿದ್ದೀರಿ."

"ನಾನು ನುಂಗುವುದಿಲ್ಲ ಮೇಡಂ" ಎಂದೆ.

"ನಾನೂ ನುಂಗುವುದಿಲ್ಲ. ಪರೀಕ್ಷೆಯಲ್ಲಿ ಯಾರೂ ನುಂಗುವುದಿಲ್ಲ. ನಿಮ್ಮ ತೊಂದರೆ ಅದಲ್ಲ. ಉಗುಳಿದ ಮರುಗಳಿಗೆ ನೀರು ಮುಕ್ಕಳಿಸುತ್ತೀರಿ. ಹೊರಟು ನಿಂತ ನೆಂಟರು ಮೆಟ್ಟಿಲು ಇಳಿಯುವ ಮೊದಲೇ ಕದ ಹಾಕಿದ ಹಾಗೆ. ಏನು ಭಯ ನಿಮಗೆ?"

ಇನ್ನೊಂದು ಅವಕಾಶ ದಸರೆಯ ನಂತರ ಇತ್ತು.

ಲ್ಯಾಬಿನಲ್ಲಿ ಗೋಡೆ ಗಡಿಯಾರದ ಎದುರು ನಿಂತು ಅಭ್ಯಾಸ ಮಾಡಿದೆ. ಉಗುಳುವುದು, ನೀರು ಮುಟ್ಟದೆ ಒಂದು ನಿಮಿಷ ನಿಲ್ಲುವುದು. ಮೊದಮೊದಲು ಹತ್ತು ಸೆಕೆಂಡು ದಾಟಲಿಲ್ಲ. ಉಗುಳಿದ ಮೇಲೂ ಬಾಯಲ್ಲಿ ಊರುವ ಜೊಲ್ಲಿನಲ್ಲಿ ವೈನಿರುತ್ತದೆ. ಅದನ್ನು ನುಂಗಿದರೆ ನುಂಗಿದಂತೆಯೋ? ಅವ್ವನನ್ನು ಕೇಳುವ ಧೈರ್ಯವಿರಲಿಲ್ಲ. ಬಾಯಿ ತೆರೆದು, ಗದ್ದಕ್ಕೆ ಕರವಸ್ತ್ರ ಹಿಡಿದು, ಹಲ್ಲು ಬರುವ ಕೂಸಿನಂತೆ ಜೊಲ್ಲು ಸುರಿಸುತ್ತ ಸೆಕೆಂಡು ಎಣಿಸುತ್ತಿದ್ದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಗಾದೆ ನನಗಾಗಿಯೇ ಮಾಡಿದಂತಿತ್ತು. ಆದರೂ ಕಲಿತೆ. ಶ್ರಾವಣದ ಹೊತ್ತಿಗೆ ಉಳಿಕೆ ನಾಲಿಗೆಗೆ ಸಿಗತೊಡಗಿತು. ಒಂದು ವೈನಿನ ರುಚಿ ಐದು ಸೆಕೆಂಡಿಗೆ ಆರಿಹೋಗುತ್ತದೆ, ಇನ್ನೊಂದರದು ಹನ್ನೆರಡರವರೆಗೂ ಎಳೆಯುತ್ತದೆ. ನುಂಗದೆಯೇ ಪಾಸಾಗಬಹುದು ಎಂಬುದು ನನಗೆ ಖಾತ್ರಿಯಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಪರೀಕ್ಷೆಯ ನೆಪ ಹೇಳುವಂತಿಲ್ಲ.

ಗಾರ್ಡ್ ಸಾಹೇಬರು ಪಾಠಕ್ಕೆ ತಪ್ಪದೆ ಬರುತ್ತಿದ್ದರು. ಹೊಸ ಪಾಠ ಅವರಿಗೆ ಹಿಡಿಸಿತ್ತು. ಹಸಿ ಜೋಳದ ದಂಟು ಎಂದ ಕೂಡಲೇ ಕಣ್ಣುಮುಚ್ಚಿ ಮೂಸಿ "ಬರೋಬರಿ ಐತಿ ನೋಡ್ರಿ" ಎನ್ನುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ಉಳಿದರು.

"ಸರ, ನಮ್ಮನಿಯಾಕಿ ಹೋಗಿ ಮೂರ ವರ್ಷ ಆತು. ಆಮ್ಯಾಲಿಂದ ಸಂಜಿ ಆತಂದ್ರ ಬಾಟ್ಲಿ. ಒಂದ ಗ್ಲಾಸಿನ್ಯಾಗ ಸಂಜಿ ಕಳಿಯೂದು ಕಲೀಬೇಕಂತ ನಿಮ್ಮಲ್ಲೆ ಬಂದೇನಿ. ಮಗಳು ಮಾತ ಬಿಟ್ಟಾಳ."

"ನಿಧಾನ ಕುಡೀರಿ, ವಾಸನಿ ತಗೋರಿ" ಎಂದು ಶುರುಮಾಡಿದೆ.

"ಅದೆಲ್ಲ ಮಾಡತೇನ್ರಿ. ಆದ್ರ ನುಂಗಿದ ಮ್ಯಾಲೆ ಒಳಗ ಒಂದು ಇನ್ನೊಂದ ಗ್ಲಾಸ ಕೇಳತೈತಲ್ಲ, ಅದಕ್ಕ ಏನ ಹೇಳಬೇಕ್ರಿ?"

ನನಗೆ ಗೊತ್ತಿರಲಿಲ್ಲ. ಅವರು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ಬೇಸರದಿಂದಲ್ಲ, ಸಣ್ಣಗೆ ನಕ್ಕು ಹೇಳಿದರು, "ಸರ, ನೀವು ಮದವಿ ಹಂದರದ ಹೊರಗ ನಿಂತು ಒಳಗಿನ ಊಟ ಹ್ಯಾಂಗೈತಿ ಅಂತ ಹೇಳಾಕತ್ತೀರಿ. ವಾಸನಿ ಖರೇನ ಹೇಳತೀರಿ. ಖರೆ ಉಂಡಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಬರುವ ಜನ ಎಲ್ಲರೂ ನುಂಗುವವರು. ಅವರ ಕಷ್ಟ ಶುರುವಾಗುವುದೇ ಗಂಟಲಿನ ಕೆಳಗೆ. ನನ್ನ ವಿದ್ಯೆ ಗಂಟಲಿನ ಮೇಲೆಯೇ ಮುಗಿಯುತ್ತಿತ್ತು. ಒಂದೇ ಒಂದು ಸಲ, ಒಂದು ಗುಟುಕು, ಬುದ್ಧಿ ನೆಟ್ಟಗಿರುವಾಗ, ಹಗಲಲ್ಲಿ. ಅವ್ವನಿಗೆ ಮೊದಲೇ ಹೇಳಿ ಒಪ್ಪಿಸಬಹುದಿತ್ತು. ಗಾರ್ಡ್ ಸಾಹೇಬರ ಕಥೆ ಹೇಳಿದ್ದರೆ ಅವಳು ಕೇಳುತ್ತಿದ್ದಳೇನೋ. ವಾರಗಟ್ಟಲೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಐದು ಗ್ಲಾಸುಗಳನ್ನು ಪದ್ಧತಿಯಂತೆ ಮುಗಿಸಿದೆ. ಉಗುಳಿದೆ, ಕಾದೆ, ಎಣಿಸಿದೆ, ಬರೆದೆ. ಆರನೆಯದು ತೆಳು ಹಸಿರು ಛಾಯೆಯ ಬಿಳಿ ವೈನ್. ಮೂಗಿಗೆ ಹಿಡಿದರೆ ಕಡ್ಲಿ ಹುಳಿ, ಅದರ ಹಿಂದೆ ಒದ್ದೆ ಬಿಳಿ ಬಟ್ಟೆ. ಬಾಯಿಗೆ ಹಾಕಿಕೊಂಡೆ. ಉಗುಳುವ ಪಾತ್ರೆ ಎಡಗೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟು ನುಂಗಿದೆ.

ಗಂಟಲಿಂದ ಎದೆಯವರೆಗೆ ಒಂದು ಬೆಚ್ಚಗಿನ ಗೆರೆ ಇಳಿಯಿತು. ಹುಳಿ ಮೊದಲು ಹೋಯಿತು, ಹಸಿರು ಆಮೇಲೆ ಹೋಯಿತು, ಕೊನೆಗೆ ಕಲ್ಲು ನೆಕ್ಕಿದಂಥ ಒಂದು ಉಪ್ಪು ಉಳಿಯಿತು. ಹತ್ತೊಂಬತ್ತರವರೆಗೆ ಎಣಿಸಿದೆ. ಅಷ್ಟರಲ್ಲಿ ಒಳಗಿನಿಂದ ಏನೋ ಕೈ ಚಾಚಿತು, ಇನ್ನೊಂದು ಗುಟುಕಿಗೆ. ಸಣ್ಣದಾಗಿ, ಆದರೆ ಖಂಡಿತವಾಗಿ. ಅದು ಬರುವುದು ರುಚಿ ಆರಿದ ಮೇಲೆ, ಅದಕ್ಕೂ ಮೊದಲಲ್ಲ. ಗಾರ್ಡ್ ಸಾಹೇಬರಿಗೆ ಹೇಳಬೇಕಾದ ಉತ್ತರ ಅಲ್ಲಿತ್ತು. ನನಗೆ ಖುಷಿಯಾಗಬೇಕಿತ್ತು. ಕಣ್ಣಲ್ಲಿ ನೀರು ಬಂತು. ಪರೀಕ್ಷಕಿ ಅದನ್ನು ನೆಗಡಿ ಎಂದುಕೊಂಡು ಟಿಶ್ಯೂ ಕೊಟ್ಟರು.

ಸ್ಟೇಷನ್ ರಸ್ತೆಯಲ್ಲಿ ಎರಡು ಸಲ ಚಹಾ ಕುಡಿದೆ. ಬಡೇಸೋಪು ಜಗಿದೆ. ಬಬಲೇಶ್ವರದಲ್ಲಿ ಬೈಕು ನಿಲ್ಲಿಸಿ ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸಿದೆ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸ್ಟ್ಯಾಂಡ್ ಹಾಕಿದ ಸದ್ದಿಗೆ ಅವ್ವ ಎದ್ದು ಬಂದಳು. ಪ್ರಶ್ನೆ ಅವಳ ತುಟಿಯವರೆಗೆ ಬಂದದ್ದನ್ನು ನಾನು ನೋಡಿದೆ. ಚೀಲ ಇಸಿದುಕೊಳ್ಳಲು ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿ ನಿಂತಿತು. ಚೀಲ ತೆಗೆದುಕೊಂಡು ತಿರುಗಿದಳು.

"ಕೈಕಾಲ ತೊಳಕೋ. ರೊಟ್ಟಿ ಬಿಸಿ ಅದಾವ."

ಅಷ್ಟೇ. ಮರುದಿನ ಸಂಜೆ ಹೊಸ್ತಿಲಿಗೆ ಬಂದಳು, ಚೀಲ ಇಸಿದುಕೊಂಡಳು, ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಬೈದಿದ್ದರೆ, ಅತ್ತಿದ್ದರೆ, ಮಾತು ಬಿಟ್ಟಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಎಲ್ಲ ಮೊದಲಿನಂತೆಯೇ ಇತ್ತು. ಊಟಕ್ಕೆ ಬಡಿಸುತ್ತಿದ್ದಳು, ವಾಸನೆಗೆ ಹೆಸರು ಕೇಳಿದರೆ ಹೇಳುತ್ತಿದ್ದಳು. ಆ ಎರಡು ಶಬ್ದ ಮಾತ್ರ ಮನೆಯಿಂದ ಹೋಗಿಬಿಟ್ಟಿದ್ದವು. ಅಂದಿನ ನಂತರ ನಾನು ಮತ್ತೆ ಒಂದು ಹನಿಯನ್ನೂ ನುಂಗಲಿಲ್ಲ. ದಿನಾ ಸಂಜೆ 'ಉಗುಳೀನಬೇ' ಎಂಬ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಿದ್ದೆ. ಕೇಳುವವರಿರಲಿಲ್ಲ.

ಪಾಸಾದ ಕಾಗದ ಬಂತು. ಓದಿ ಹೇಳಿದೆ. "ಚಲೋ ಆತು ಬಿಡು" ಎಂದು ನನ್ನ ತಲೆ ಸವರಿದಳು. ಕೈ ತಲೆಯ ಮೇಲೆ ಇದ್ದಾಗಲಾದರೂ ಹೇಳಬೇಕಿತ್ತು.

ಗಾರ್ಡ್ ಸಾಹೇಬರಿಗೆ ನಾನು ಕಲಿತದ್ದನ್ನು ಹೇಳಿದೆ. "ಗುಟುಕ ನುಂಗಿದ ಮ್ಯಾಲೆ ಗ್ಲಾಸ ಕೆಳಗ ಇಡ್ರಿ. ರುಚಿ ಪೂರಾ ಆರೂತನಕ ಎಣಸ್ರಿ. ಆರಿದ ಮ್ಯಾಲೆ ಅದು ಕೇಳತೈತಿ, ಕೇಳೂದನ್ನ ಸುಮ್ಮ ನೋಡ್ರಿ. ಕೇಳಿ ಕೇಳಿ ಅದಕ್ಕ ದಣಿವಾಕ್ಕೈತಿ." ಅವರು "ಉಂಡ ಬಂದ್ರಿ ಹಂಗಾರ" ಎಂದರು. ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದ ಮನುಷ್ಯ, ಎಣಿಸುವುದು ಅವರಿಗೆ ಸುಲಭವಾಯಿತು. ಸಂಕ್ರಾಂತಿಗೆ ಮಗಳು ಮನೆಗೆ ಬಂದಿದ್ದಳೆಂದು ಕುಸುರೆಳ್ಳು ತಂದುಕೊಟ್ಟರು. ಅದನ್ನು ಅವ್ವನ ಕೈಗಿಟ್ಟೆ. ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿತ್ತೇ? "ನಮ್ಮ ಕಡಿಯೋರೊಬ್ಬರು ಕೊಟ್ರು" ಎಂದಷ್ಟೇ ಹೇಳಿ ಒಳಗೆ ಹೋದೆ.

ಆ ಚಳಿಗಾಲ ಅವ್ವನಿಗೆ ಉಬ್ಬಸ ಹೆಚ್ಚಿತ್ತು. ಹೊಲಕ್ಕೆ ಹೋಗಬೇಡ ಎಂದರೂ ಕೇಳದೆ ಬಿಳಿ ಬಟ್ಟೆ ಹಿಡಿದು ಇಬ್ಬನಿಗೆ ಎದ್ದು ಹೋದಳು. ಮರಳಿ ಬಂದಾಗ ಸೀರೆಯ ಅಂಚು ಮೊಣಕಾಲವರೆಗೆ ಒದ್ದೆ. ಆ ಸಲ ಎರಡು ಬಾಟಲಿ ಹಿಡಿದಿದ್ದಳು. ಒಂದನ್ನು ಮಾಡದಲ್ಲಿಟ್ಟಳು. ಇನ್ನೊಂದನ್ನು ನನ್ನ ಚೀಲದಲ್ಲಿ, ಬುತ್ತಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದಳು.

"ಇದು ಯಾಕಬೇ?"

"ನಿನ್ನ ಸಾಲ್ಯಾಗ ತೋರಸಾಕ ಬೇಕಂದಿದ್ದಿಯಲ್ಲ."

ಕ್ಷಮಿಸಿದ್ದಳೋ, ಕೈಬಿಟ್ಟಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಬೈಕು ಹತ್ತಿ ಟಿಕೋಟಾದ ಕಡೆ ಹೊರಟೆ.

ಹೋಳಿ ಹುಣ್ಣಿಮೆ ಆಗಿ ನಾಲ್ಕನೆಯ ದಿನ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದ ಅವ್ವ ಹಾಗೆಯೇ ಗೋಡೆಗೆ ಒರಗಿದಳು. ಹೆಂಡತಿ ಫೋನು ಮಾಡಿದಾಗ ನಾನು ಟ್ಯಾಂಕಿನ ಏಣಿಯ ಮೇಲಿದ್ದೆ. ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮಣ್ಣಿಗೆ ಇಡುವ ಮೊದಲು ಭಂತೇಜಿ ಪಂಚಶೀಲ ಹೇಳಿಸಿದರು. ಅವರು ಒಂದು ಸಾಲು ಹೇಳುವುದು, ನಾವೆಲ್ಲ ಅದನ್ನು ಮರಳಿ ಹೇಳುವುದು. ನಾಲ್ಕು ಶೀಲಗಳವರೆಗೆ ನನ್ನ ದನಿ ಬಂತು. ಐದನೆಯದಕ್ಕೆ ನಾಲಿಗೆ ಏಳಲಿಲ್ಲ. ಊರವರೆಲ್ಲ ಹೇಳಿ ಮುಗಿಸಿದರು. ದುಃಖಕ್ಕೆ ಗಂಟಲು ಕಟ್ಟಿದೆ ಎಂದು ಪಕ್ಕದವರು ನನ್ನ ಭುಜ ಹಿಡಿದುಕೊಂಡರು.

ಯುಗಾದಿಯ ನಂತರ ಮಮದಾಪುರದಿಂದ ಹದಿನೈದು ಹೆಂಗಸರು ವೈನರಿಗೆ ಬಂದರು. ಹಂಗಾಮಿನಲ್ಲಿ ನಮ್ಮ ದ್ರಾಕ್ಷಿ ಕೊಯ್ಯಲು ಬರುವವರು. "ನಾವು ಹರದ ಹಣ್ಣು ಏನ ಆಗ್ಯಾವ ನೋಡೂನು ಅಂತ ಬಂದೀವ್ರಿ" ಎಂದಳು ಅವರಲ್ಲಿ ಎಲ್ಲರಿಗಿಂತ ಹಿರಿಯಳು. ಹಣೆಯ ತುಂಬ ಹಚ್ಚೆ, ದೊಡ್ಡ ದನಿ. ಅದು ನಾನು ಅದುವರೆಗೆ ಹೇಳಿದ ಪಾಠಗಳಲ್ಲೆಲ್ಲ ಒಳ್ಳೆಯದು. ಅವರಿಗೆ ಯಾವ ವಾಸನೆಯನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವ್ವನ ಬಾಟಲಿ ತೆಗೆದು ಒಬ್ಬೊಬ್ಬರ ಅಂಗೈಗೆ ಒಂದೊಂದು ಹನಿ ಹಾಕಿದೆ. ಬಾಟಲಿಯ ತಳ ಕಾಣುತ್ತಿತ್ತು.

"ಅಯ್ಯ, ಕಡ್ಲಿ ಹುಳಿ!" ಎಂದಳು ಮುದುಕಿ. ಇನ್ನೊಮ್ಮೆ ನೆಕ್ಕಿದಳು. "ಚೊಕ್ಕ ಹಿಡದಾರ. ಒಂದ ಎಲಿ ಚೂರ ಬಿದ್ದಿಲ್ಲ. ಯಾರು ಹಿಡದದ್ದು?"

"ನಮ್ಮವ್ವ."

"ಭಾಗ್ಯವಂತಿ" ಎಂದಳು.

ಆಮೇಲೆ ಬಿಳಿ ವೈನ್ ಸುರಿದೆ. ಬೇಡ ಎಂದವರು ಬರೀ ಮೂಸಬಹುದು, ಬೇಕೆಂದವರು ಬಾಯಿಗೆ ಹಾಕಿ ಉಗುಳಬಹುದು ಎಂದು ಹೇಳಿ, ಹೇಗೆಂದು ತೋರಿಸಲು ನಾನೇ ಒಂದು ಗುಟುಕು ತೆಗೆದುಕೊಂಡೆ. ಹೊರಳಿಸಿದೆ, ಪಾತ್ರೆಗೆ ಉಗುಳಿದೆ. ರುಚಿ ಆರುವುದನ್ನು ಕಾಯುತ್ತ ಸುಮ್ಮನೆ ನಿಂತೆ. ಮುದುಕಿ ಗ್ಲಾಸು ಮೂಗಿಗೆ ಹಿಡಿದವಳು ತಲೆ ಎತ್ತಿ, ಮಾತಾಡದೆ ನಿಂತ ನನ್ನನ್ನು ನೋಡಿ ಕೇಳಿದಳು.

"ಏ ಯಪ್ಪಾ, ನಮಗ ಉಗುಳ್ರಿ ಅಂದಿ. ನೀ ಉಗುಳಿದಿ ಹೌದಿಲ್ಲೋ?"

ಆರು ತಿಂಗಳ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ದಿನಾ ಸಿದ್ಧ ಮಾಡಿಟ್ಟುಕೊಂಡಿದ್ದ ಉತ್ತರ ಬಾಯಿಗೆ ಬರಲಿಲ್ಲ.

"ಇಲ್ಲಬೇ" ಎಂದೆ. "ನುಂಗೇನಿ."

ಹೆಂಗಸರೆಲ್ಲ ನಕ್ಕರು. ಮುದುಕಿ ನಗಲಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿದ್ದಳೋ ಏನೋ. ಎದ್ದು ಬಂದು ಉಗುಳುವ ಪಾತ್ರೆಯೊಳಗೆ ಬಗ್ಗಿ ನೋಡಿದಳು. ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಲುಗಿಸಿದಳು.

"ಯಾಕ ಸುಳ್ಳ ಹೇಳತಿ, ತಮ್ಮಾ? ನಾ ನೋಡೇನಿ, ನೀ ಉಗುಳಿದಿ."